ಡಬ್ಬಿ ಚಿಕ್ಕದು, ಹತ್ತಿರ ಹಿಡಿಯಿರಿ

ಪತ್ರಿಕೆಗೆ ಬರುವ ಫೋಟೋಗಳಲ್ಲಿ ಒಂದು ದೋಷ ಪದೇ ಪದೇ ಕಾಣುತ್ತದೆ. ಹಣೆ, ಮೂಗಿನ ತುದಿ ಬೆಳ್ಳಗೆ ಹೊಳೆಯುತ್ತಿರುತ್ತವೆ. ಹಿಂದಿನ ಗೋಡೆಗೆ ತಲೆಯ ಕಪ್ಪು ನೆರಳು ಅಂಟಿಕೊಂಡಿರುತ್ತದೆ. ಕ್ಯಾಮೆರಾ ಎಷ್ಟೇ ಒಳ್ಳೆಯದಿದ್ದರೂ, ಫ್ಲ್ಯಾಶ್ ಅದರ ನೆತ್ತಿಯ ಮೇಲೆ ಕೂತು ನೇರ ಮುಖಕ್ಕೆ ಹೊಡೆದರೆ ಆಗುವುದು ಇಷ್ಟೇ. ಅದಕ್ಕೇ ಫ್ಲ್ಯಾಶ್‌ಗೆ ಸಿಕ್ಕಿಸುವ ಒಂದು ಪುಟ್ಟ ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಹರಡಿ ಮೃದುವಾಗಿಸುವ ಡಬ್ಬಿ, ತರಿಸಿ ನೋಡಿದೆ. ಮಡಚಿದರೆ ಕ್ಯಾಮೆರಾ ಬ್ಯಾಗಿನ ಜೇಬಿನಲ್ಲಿ ಕೂರುತ್ತದೆ. ಬಿಡಿಸಿದರೆ ಮುಂದೆ ಸುಮಾರು 20 ಸೆಂ.ಮೀ. ಅಗಲದ ಬಿಳಿ ಬಟ್ಟೆ.

ಮೊದಲು ಅದನ್ನು ಕ್ಯಾಮೆರಾದ ಮೇಲೇ ಇಟ್ಟು 3 ಮೀಟರ್ ದೂರದಿಂದ ತೆಗೆದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫ್ಲ್ಯಾಶ್ ಬಿಚ್ಚಿ, ಅದನ್ನು ದೂರದಿಂದಲೇ ಮಿಂಚಿಸುವ ಟ್ರಿಗರ್ ಹಾಕಿ, ಮುಖದಿಂದ ಅರ್ಧ ಮೀಟರ್ ದೂರಕ್ಕೆ, ಕಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಹಿಡಿದಾಗ ಚಿತ್ರವೇ ಬೇರೆಯಾಯಿತು. ಮೂಗಿನ ನೆರಳಿನ ಅಂಚು ಕರಗಿತು. ಕಣ್ಣಿನಲ್ಲಿ ಬೆಳಕಿನ ಚಿಕ್ಕ ಚೌಕ ಬಂದು ಕೂತಿತು.

ಬೆಳಕು ಮೃದುವಾಗುವುದು ಬಟ್ಟೆಯಿಂದಲ್ಲ, ಮುಖಕ್ಕೆ ಆ ಬೆಳಕು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರಿಂದ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿ.ಮೀ. ಆದರೂ ಅಷ್ಟು ದೂರದಿಂದ ನಮಗೆ ಪುಟ್ಟ ಬಿಲ್ಲೆ, ಅದಕ್ಕೇ ಮಧ್ಯಾಹ್ನದ ನೆರಳು ಅಷ್ಟು ಚೂಪು. ಅರ್ಧ ಮೀಟರ್‌ನಲ್ಲಿ ನನ್ನ ಡಬ್ಬಿ ಕೊಡುವ ಮೃದುತನ 3 ಮೀಟರ್‌ನಿಂದ ಬೇಕೆಂದರೆ 1.2 ಮೀಟರ್ ಅಗಲದ ಸಾಫ್ಟ್‌ಬಾಕ್ಸ್ ಬೇಕು. ಅದನ್ನು ಹೊತ್ತು ತಿರುಗುವವರು ಯಾರು!

ಫ್ಲ್ಯಾಶ್ ಮೂತಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಟೋಪಿಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಫ್ಲ್ಯಾಶ್‌ಗಿಂತ ಹೆಚ್ಚೇನೂ ದೊಡ್ಡದಲ್ಲ. ಬೆಳಕನ್ನು ಸುತ್ತಲೂ ಚೆಲ್ಲುತ್ತದೆ, ಹತ್ತಿರ ಬಿಳಿ ಗೋಡೆ, ಚಾವಣಿ ಇದ್ದರೆ ಅವು ತಿರುಗಿ ಕೊಡುತ್ತವೆ. ಬಯಲಲ್ಲಿ ಅದು ಸುಮ್ನೆ ಬ್ಯಾಟರಿ ತಿನ್ನುತ್ತದೆ, ಅಷ್ಟೇ.

ಹತ್ತಿರ ಹಿಡಿಯುವುದರಲ್ಲಿ ತೊಂದರೆಯೂ ಇದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಖ ಅರ್ಧ ಮೀಟರ್‌ನಲ್ಲಿ, ಗೋಡೆ ಎರಡೂವರೆ ಮೀಟರ್‌ನಲ್ಲಿ ಇದ್ದರೆ ಗೋಡೆಗೆ ಸಿಗುವುದು ಇಪ್ಪತ್ತೈದರಲ್ಲಿ ಒಂದು ಪಾಲು. ಹಿನ್ನೆಲೆ ಪೂರ್ತಿ ಕತ್ತಲು. ಆಗ ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ವೇಗವನ್ನು 1/200 ಸೆಕೆಂಡಿನಿಂದ 1/60 ಸೆಕೆಂಡಿಗೆ ಇಳಿಸಿ ನೋಡಿ. ಕೋಣೆಯ ದೀಪದ ಬೆಳಕು ಒಳಗೆ ಬರುತ್ತದೆ, ಮುಖದ ಮೇಲಿನ ಫ್ಲ್ಯಾಶ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಫ್ಲ್ಯಾಶ್ ಮಿಂಚಿ ಮುಗಿಯುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸಿನಲ್ಲಿ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೇನೂ ಆಗಬೇಕಾದ್ದಿಲ್ಲ. ಈ ಒಂದು ಉಪಾಯ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ ಅನ್ನುವುದು ನನ್ನ ಲೆಕ್ಕ. ಕೋಣೆಯ ದೀಪ ಹಳದಿಯಾಗಿದ್ದರೆ ಫ್ಲ್ಯಾಶ್‌ಗೆ ತೆಳು ಕಿತ್ತಳೆ ಬಣ್ಣದ ಹಾಳೆ ಅಂಟಿಸಿ, ಇಲ್ಲದಿದ್ದರೆ ಮುಖ ನೀಲಿ ಹೊಡೆಯುತ್ತದೆ.

ಕನ್ನಡಕದವರಿಗೆ ಡಬ್ಬಿಯನ್ನು ಇನ್ನಷ್ಟು ಮೇಲೆತ್ತಿ. ಗಾಜಿನಿಂದ ಚಿಮ್ಮುವ ಬೆಳಕು ಕ್ಯಾಮೆರಾಕ್ಕೆ ಸಿಗದೆ ಕೆಳಗೆ ಜಾರುತ್ತದೆ.

ಹತ್ತು ಜನರ ಗುಂಪಿಗೆ ಇದನ್ನು ನಂಬಬೇಡಿ. ಹತ್ತಿರದವರು ಬೆಳಗುತ್ತಾರೆ, ತುದಿಯಲ್ಲಿ ನಿಂತವರು ಕತ್ತಲಲ್ಲಿ ಉಳಿಯುತ್ತಾರೆ, ಆಮೇಲೆ ದೂರು ಬರುವುದು ಸಂಪಾದಕರಿಗೇ ಅಲ್ವಾ? ಬಿಳಿ ಚಾವಣಿ ಇದ್ದರೆ ಡಬ್ಬಿ ತೆಗೆದಿಟ್ಟು ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ. ಒಬ್ಬರದೋ ಇಬ್ಬರದೋ ಮುಖಕ್ಕೆ ಮಾತ್ರ ಈ ಸಾಫ್ಟ್‌ಬಾಕ್ಸ್ ಸರಿ.

ಮುಂದಿನ ಸಂಚಿಕೆಗೆ ಫೋಟೋ ತೆಗೆಯುವವರು, ನಿಮಗೆ ಬೇಕಿದ್ದರೆ ಕೇಳಿ, ಡಬ್ಬಿಯನ್ನೂ ಟ್ರಿಗರನ್ನೂ ಕೊಡುತ್ತೇನೆ. ಬ್ಯಾಟರಿ ಮಾತ್ರ ನಿಮ್ಮದೇ. ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಕುಗ್ಗಿಸಿ ಕಳಿಸಬೇಡಿ, ಮೂಲ ಫೈಲನ್ನೇ ಈಮೇಲ್ ಮಾಡಿ.