ಹೆಸರು ಹಿಡಿದು ಕರೆಯುವ ಹಾಡು

ಪ್ರಿಯ ಗೆಳೆಯಾ,

ಐರ್ಲೆಂಡಿನ ಈ ಗಾಲ್ವೇಯಲ್ಲಿ ಮಳೆ ಇನ್ನೂ ನಿಂತಿಲ್ಲ. ನಿಂತ ದಿನ ಸುದ್ದಿ ಕಳಿಸುತ್ತೇನೆ, ನಮ್ಮ ಕರಾರಿನಂತೆ. ಈ ಪತ್ರವನ್ನು ಇತರರೂ ಓದುತ್ತಾರೆ, ಆದ್ದರಿಂದ ಛತ್ರಿಯ ವಿಷಯ ಇಲ್ಲಿ ಬೇಡ.

ನಿನಗೆ ಹೇಳಲೇಬೇಕಾದದ್ದು ರಾಫ್ಟರಿಯ ಸಂಗತಿ. ಎಳವೆಯಲ್ಲೇ ಸಿಡುಬಿಗೆ ಕಣ್ಣು ಕಳೆದುಕೊಂಡು, ಪಿಟೀಲು ನುಡಿಸುತ್ತಾ ಈ ಸೀಮೆಯಲ್ಲಿ ಊರೂರು ಅಲೆದು, 1835ರಲ್ಲಿ ತೀರಿಕೊಂಡ ಕವಿ. ಐರಿಷ್ ಭಾಷೆಯಲ್ಲಿ ಕಟ್ಟಿದ ಅವನ ಪದಗಳು ಜನರ ಬಾಯಲ್ಲೇ ಉಳಿದವು. ಎಷ್ಟೋ ಕಾಲದ ಮೇಲೆ ಐರಿಷ್ ವಿದ್ವಾಂಸ ಡಗ್ಲಸ್ ಹೈಡ್ ಅವನ್ನು ಹುಡುಕಿ ಸಂಗ್ರಹಿಸಿದರು. ಕಾರ್ಕ್ ಜಿಲ್ಲೆಯ ಮಾರಿ ವೀ ಎಂಬಾಕೆಯೂ ಹಾಗೆಯೇ. ಓದು ಬರಹ ತಿಳಿಯದ ರೈತ ಹೆಂಗಸು, 1822ರಲ್ಲಿ ತನ್ನೂರಿನ ಕಣಿವೆಯಲ್ಲಿ ನಡೆದ ಕಾದಾಟವನ್ನು ಹಾಡಾಗಿಸಿದಳು. ಇಂದಿಗೂ ಅದನ್ನು ಹಾಡುತ್ತಾರೆ.

ಆದರೆ ನನ್ನನ್ನು ಹಿಡಿದು ಕೂರಿಸಿರುವುದು ರಾಫ್ಟರಿಯ ಒಂದೇ ಹಾಡು. 1828ರ ಸೆಪ್ಟೆಂಬರಿನಲ್ಲಿ ಅನ್ನಾಡೌನ್ ಎಂಬ ಹಳ್ಳಿಯ ಜನ ಕುರಿಗಳೊಂದಿಗೆ ದೋಣಿ ಹತ್ತಿ, ಕಾರಿಬ್ ಸರೋವರದ ಮೇಲೆ ಗಾಲ್ವೇ ಸಂತೆಗೆ ಹೊರಟಿದ್ದರು. ಕುರಿಯೊಂದು ಹಲಗೆಯನ್ನು ತುಳಿದು ತೂತು ಮಾಡಿತೆಂದು ಹೇಳುತ್ತಾರೆ, ದೋಣಿ ಮುಳುಗಿತು. ಹನ್ನೊಂದು ಗಂಡಸರು, ಎಂಟು ಹೆಂಗಸರು ಎಂದು ಹಾಡು ಎಣಿಸುತ್ತದೆ. ಎಣಿಸಿ ಸುಮ್ಮನಾಗುವುದಿಲ್ಲ, ಸತ್ತವರಲ್ಲಿ ಕೆಲವರನ್ನು ಹೆಸರು ಹಿಡಿದು ಕರೆಯುತ್ತದೆ. ಅವರು ಮುಳುಗಿದ ಜಾಗವನ್ನೇ ಶಪಿಸುತ್ತದೆ. ಎಲ್ಲೋ ದೂರದ ಪಂಡಿತನಿಂದ ಆಗುವ ಕೆಲಸವಲ್ಲ ಇದು. ಸತ್ತವನು ಯಾರ ಮಗ, ಯಾವ ಹೊಲ ಉಳುತ್ತಿದ್ದ ಎಂದು ಬಲ್ಲ ಜನರ ನಡುವೆ ಬಾಳಿದವನೇ ಕಟ್ಟಬೇಕು.

ಅಪ್ಪ ಹೋದ ಮೇಲೆ ನಾನು ಈ ಊರಿಗೆ ಬಂದೆ. ಇಲ್ಲಿ ಅವರನ್ನು ಕಂಡವರು ಯಾರೂ ಇಲ್ಲ. ಅವರ ಹೆಸರನ್ನು ಗಟ್ಟಿಯಾಗಿ ಹೇಳುವ ಸಂದರ್ಭವೇ ನನಗೆ ಒದಗಿಲ್ಲ, ಗೆಳೆಯಾ. ಕಾಗದಪತ್ರಗಳಲ್ಲಿ ನನ್ನ ಹೆಸರಿನ ಮುಂದೆ ಒಂದು ಅಕ್ಷರವಾಗಿ ನಿಂತಿದ್ದಾರೆ, ಅಷ್ಟೇ. ಆ ಹಾಡು ಕೇಳುತ್ತಿದ್ದಾಗ, ಇನ್ನೂರು ವರ್ಷದ ಹಿಂದೆ ಮುಳುಗಿದ ರೈತರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಅಮ್ಮನಿಗೂ ಹೇಳಿಲ್ಲ. ಇಲ್ಲಿ ಅವರ ಹೆಸರು ಬರೆಯಲು ಹೋದರೂ ಕೈ ಓಡುತ್ತಿಲ್ಲ.

ಇರಲಿ, ಬಹಳ ಹೇಳಿಬಿಟ್ಟೆ. ಜಾತ್ರೆಗೆ ಪದ ಕಟ್ಟುವವನು ನಮ್ಮೂರಲ್ಲಿ ಈಗ ನೀನೊಬ್ಬನೇ ಉಳಿದಿದ್ದೀಯ. ಅಪ್ಪನ ಮೇಲೊಂದು ಕಟ್ಟು. ಅವರ ಹೆಸರು, ಗದ್ದೆಯ ಹೆಸರು, ಜೋಡೆತ್ತಿನ ಹೆಸರು ಮೂರೂ ಬರಲಿ, ಪ್ರಾಸ ನಿನ್ನಿಷ್ಟ. ಹಲಸಿನ ಹಣ್ಣಿನ ಪ್ರಸಂಗ ಮಾತ್ರ ಬೇಡ, ಅಮ್ಮನೂ ಕೇಳುತ್ತಾರೆ.

ನಿನ್ನ,
ಮಳೆಯೂರಿನವ