ಮೊಬೈಲ್ ಒತ್ತಡವನ್ನೂ ಅಳೆಯಲಿ

ಸಂಪಾದಕರೇ,

1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಉಡುಪಿಯಲ್ಲಿ ಬ್ಯಾಂಕ್ ನೌಕರಿ ಅಂದರೆ ಇಂದಿಗೂ ಮರ್ಯಾದೆ. ಆದರೆ ಆ ಕೆಲಸ ಈಗ ಊಟದ ಬಟ್ಟಲಿನವರೆಗೂ ಬಂದಿದೆ. ಬ್ಯಾಂಕ್ ಒಂದರಲ್ಲಿರುವ ನನ್ನ ಹೆಂಡತಿ ರಾತ್ರಿ ಊಟಕ್ಕೆ ಕೂತರೆ ಶಾಖೆಯ ವಾಟ್ಸ್‌ಆ್ಯಪ್ ಗುಂಪು ಟಣ್ ಅನ್ನುತ್ತದೆ. ಇವತ್ತು ಎಷ್ಟು ವಿಮೆ ಮಾಡಿಸಿದಿರಿ, ಸ್ಕ್ರೀನ್‌ಶಾಟ್ ಹಾಕಿ! ಒಂದೇ ಕೈಯಲ್ಲಿ ಊಟ, ಇನ್ನೊಂದರಲ್ಲಿ ಉತ್ತರ.

ಇದು ಸುಮ್ನೆ ಗೊಣಗಾಟ ಅಲ್ಲ. ಟೆಕ್ನೋಸ್ಟ್ರೆಸ್, ಅಂದರೆ ಫೋನು, ಕಂಪ್ಯೂಟರ್‌ಗಳಿಂದ ಬರುವ ಒತ್ತಡದ ಬಗ್ಗೆ ಅಮೆರಿಕದ ಮನಃಶಾಸ್ತ್ರಜ್ಞ ಕ್ರೇಗ್ ಬ್ರಾಡ್ 1984ರಲ್ಲೇ ಬರೆದರು. 2007ರಲ್ಲಿ ಸಂಶೋಧಕಿ ಮೋನಿದೀಪಾ ತರಫ್ದಾರ್ ಮತ್ತು ಸಂಗಡಿಗರು ಇದನ್ನು ಪ್ರಶ್ನೆಗಳ ಮೂಲಕ ಅಳೆದು ತೋರಿಸಿದರು. ಕೆಲಸ ಜಾಸ್ತಿಯಾಯಿತೇ, ಮನೆಯ ಹೊತ್ತನ್ನು ಫೋನ್ ತಿನ್ನುತ್ತಿದೆಯೇ, ಹೊಸ ಸಾಫ್ಟ್‌ವೇರ್ ತಲೆಗೆ ಹತ್ತುತ್ತಿಲ್ಲವೇ, ಪದೇ ಪದೇ ಬದಲಾಗುತ್ತಿದೆಯೇ, ಅದರಿಂದ ನೌಕರಿ ಹೋಗುವ ಭಯವಿದೆಯೇ ಎಂದು ಕೇಳುವ ಪ್ರಶ್ನೆಗಳವು. ಐವತ್ತು ದಾಟಿದ ನೌಕರರಿಗೆ ಆ ಕೊನೆಯದೇ ದೊಡ್ಡದು ಎಂದು ನನಗನಿಸುತ್ತದೆ.

ಕಚೇರಿಗಳಲ್ಲಿ ಬಿಪಿ, ಶುಗರ್ ತಪಾಸಣಾ ಶಿಬಿರ ನಡೆಸುತ್ತಾರೆ ಅಲ್ವಾ? ಅದರ ಜೊತೆಗೇ ವರ್ಷಕ್ಕೊಮ್ಮೆ ಇಂಥ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೇ ಕೊಡಲಿ. ಹೆಸರು ಬರೆಸಬಾರದು, ಮೇಲಧಿಕಾರಿಯ ಕೈಗೂ ಹೋಗಬಾರದು. ಇಲ್ಲವಾದರೆ ಯಾರೂ ನಿಜ ಬರೆಯುವುದಿಲ್ಲ. ಬ್ಯಾಂಕ್ ನೌಕರರ ಸಂಘಗಳೇ ಇದನ್ನು ಮೊದಲು ಕೇಳಬೇಕು.

– ಒಬ್ಬ ಓದುಗ, ಉಡುಪಿ