ಈ ಭಾನುವಾರ ಕೇಳೋದು: ಮಿಲ್ಸ್ ಬ್ರದರ್ಸ್

ಎಲ್ಲರಿಗೂ ನಮಸ್ಕಾರ. ಈ ವಾರ ಅಮೆರಿಕದ ಒಹಾಯೊ ರಾಜ್ಯದ ಪಿಕ್ವಾ ಊರಿನ ನಾಲ್ವರು ಅಣ್ಣತಮ್ಮಂದಿರ ಹಾಡು. ಮೊದಲು 1931ರ ‘ಟೈಗರ್ ರ‍್ಯಾಗ್’. ದಯವಿಟ್ಟು ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಟ್ರಂಪೆಟ್, ಟ್ಯೂಬಾ ಎಲ್ಲ ಕೇಳಿಸುತ್ತೆ, ಆದರೆ ಅಲ್ಲಿರೋ ವಾದ್ಯ ಒಂದೇ ಒಂದು ಗಿಟಾರ್. ಮಿಕ್ಕಿದ್ದೆಲ್ಲ ಬಾಯಿಂದ ಬಂದದ್ದು! ನಾಲ್ವರಲ್ಲಿ ಒಬ್ಬರಾದ ಹ್ಯಾರಿ ಅಂಗೈಯನ್ನು ಬಟ್ಟಲಿನ ಹಾಗೆ ಬಾಯಿಗೆ ಹಿಡಿದು ಟ್ರಂಪೆಟ್ ದನಿ ತೆಗೀತಿದ್ದರು. ಗಿಟಾರ್ ಬಿಟ್ಟು ಬೇರೆ ವಾದ್ಯ ಬಳಸಿಲ್ಲ ಅಂತ ರೆಕಾರ್ಡಿನ ಲೇಬಲ್ ಮೇಲೇ ಅಚ್ಚು ಹಾಕಿರುತ್ತಿದ್ದರು.

ಆ ಗಿಟಾರ್ ನುಡಿಸುತ್ತಾ ಕೆಳಸ್ವರ ಹಾಡುತ್ತಿದ್ದ ಹಿರಿಯಣ್ಣ ಜಾನ್ 1936ರಲ್ಲಿ ತೀರಿಕೊಂಡರು. ಆ ಜಾಗಕ್ಕೆ ಬಂದು ನಿಂತದ್ದು ಅವರ ಅಪ್ಪ. ಮಗನ ಪಾಲಿನ ಸ್ವರವನ್ನು ಅಪ್ಪ ಹಾಡಿದ್ದು ನೆನೆದರೆ ನನಗೆ ಗಂಟಲು ಕಟ್ಟುತ್ತೆ. 1943ರಲ್ಲಿ ಮನೆಮಾತಾದ ‘ಪೇಪರ್ ಡಾಲ್’ ಕೇಳುವಾಗ ಮೇಲಿನ ದನಿಗಳನ್ನು ಬಿಟ್ಟು ಆ ಕೆಳಸ್ವರವನ್ನೇ ಹಿಡಿದು ಹೋಗಿ.

ಮುಂದಿನ ವಾರ ನ್ಯೂ ಆರ್ಲಿಯನ್ಸ್‌ನ ಬಾಸ್ವೆಲ್ ಸಿಸ್ಟರ್ಸ್.

ಅನಿಸಿಕೆ ಭಾನುವಾರ ಸಂಜೆಯೊಳಗೆ ವಾಯ್ಸ್ ನೋಟ್‌ನಲ್ಲಿ ಹಾಕಿ. ಅಲ್ಲಿವರೆಗೆ ಬೇರೆ ಫಾರ್ವರ್ಡ್ ಬೇಡ.